ಕೀಲಿಕೈಗೊಂದು ಜೇಬು

ಟೇಪಿನ ತುದಿ ತಣ್ಣಗಿದೆ, ಉಸಿರು ಬಿಡೋ ಮಾರಾಯ, ಹೀಗೆ ಹೊಟ್ಟೆ ಒಳಗೆಳೆದುಕೊಂಡು ನಿಂತರೆ ನಾಳೆ ಊಟಕ್ಕೆ ಕೂತಾಗ ಹೊಲಿಗೆ ಬಿಚ್ಚೀತು, ಬಿಟ್ಟ — ನಲವತ್ತೆರಡು — ಪಾದ್ರಿಯಾದ ವರ್ಷ ಇಪ್ಪತ್ತೆಂಟಿತ್ತು, ಅಳೆದದ್ದು ಇದೇ ಎರಡು ಕೈ, ನನ್ನ ತಮ್ಮ, ಊರಿಗೆಲ್ಲ ಫಾದರ್, ನನಗೆ ಮಾತ್ರ ಲೋ, ಎಪ್ಪತ್ತೈದು ತುಂಬಿತು, ನಾಳೆ ವಯಸ್ಸಾದ ಗುರುಗಳಿರುವ ಮನೆಗೆ ಹೊರಡುತ್ತಾನೆ, ಅದಕ್ಕೇ ಈ ಹೊಸ ಬಿಳಿ ನಿಲುವಂಗಿ, ಹೊಲಿದಾಯಿತು, ಕೊನೆಯ ಸಲ ಸೊಂಟ ನೋಡಿ ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ, ಅಕ್ಕ, ಬಲಗಡೆ ಆಳವಾದ ಜೇಬೊಂದು ಬೇಕಲ್ಲ, ಗಟ್ಟಿ ಬಟ್ಟೆಯದು, ಅಲ್ಲಿ ನನಗೆ ಬಾಗಿಲು ಕಾಯೋ ಕೆಲಸ ಕೊಟ್ಟಿದ್ದಾರೆ, ಕೀಲಿಕೈ ಗೇಣುದ್ದ ಇದೆಯಂತೆ. ಬಾಗಿಲು ಕಾಯೋದಾ, ನಲವತ್ತೆಂಟು ವರ್ಷ ಪೂಜೆ ಮಾಡಿದವನು! ನಗುತ್ತಾನೆ, ನಿನಗೆ ಗೊತ್ತಿಲ್ಲಕ್ಕ, ಹಿಂದೆ ಅದೂ ಒಂದು ಪದವಿ, ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು, ಬಿಷಪ್ಪರೇ ಕೀಲಿಕೈ ಮುಟ್ಟಿಸಿ ಕೊಡುತ್ತಿದ್ದರು, ಆಮೇಲೆ ಓದೋನು, ಆಮೇಲೆ ದೆವ್ವ ಬಿಡಿಸೋನು, ದೀಪ ಹಿಡಿಯೋನು, ಹೀಗೆ ಹತ್ತುತ್ತಾ ಹತ್ತುತ್ತಾ ಪಾದ್ರಿ, ನನ್ನ ಕಾಲಕ್ಕೆ ಕೆಳಗಿನ ಮೆಟ್ಟಿಲನ್ನೇ ಕಿತ್ತುಹಾಕಿದ್ದರು, ಹಾರಿ ಬಂದೋನು ನಾನು, ಈಗ ಇಳಿದು ಹತ್ತುತ್ತೀನಿ. ಮಾತಿಗೇನು ಕಡಿಮೆ ಇವನಿಗೆ.

ನಾನು ಓದಿದ್ದು ಮೂರನೇ ಕ್ಲಾಸು, ಆದರೂ ಯಾರು ಎಷ್ಟು ದೊಡ್ಡವರು ಅಂತ ದೂರದಿಂದ ನೋಡಿಯೇ ಹೇಳಬಲ್ಲೆ, ಪಟ್ಟಿ ಒಂದೇ ಹೆಗಲ ಮೇಲಿದ್ದರೆ ಡೀಕನ್, ಎರಡೂ ಕಡೆ ಇಳಿದರೆ ಪಾದ್ರಿ, ನೇರಳೆಯಾದರೆ ಬಿಷಪ್, ಕೆಂಪಾದರೆ ಕಾರ್ಡಿನಲ್, ಕೆಂಪು ಹೊಲಿಯುವ ಯೋಗ ಈ ಮನೆಗೆ ಬರಲಿಲ್ಲ, ಅಪ್ಪನ ಕಾಲದಲ್ಲಿ ಜನ ಬೆಳೆದದ್ದರಲ್ಲಿ ಹತ್ತರಲ್ಲೊಂದು ಪಾಲು ಚರ್ಚಿಗೆ ತಂದು ಹಾಕುತ್ತಿದ್ದರಂತೆ, ಗುರುಗಳ ಸೊಂಟ ನೋಡಿದರೆ ಬೆಳೆ ಹೇಗಾಯಿತು ಅಂತ ಗೊತ್ತಾಗುತ್ತಿತ್ತು ಅನ್ನುತ್ತಿದ್ದ ಅಪ್ಪ, ಒಬ್ಬ ಗುರುಗಳು ಜೇನು ಸಾಕುತ್ತಿದ್ದರು, ಅವರ ತೋಳು ಎಷ್ಟು ಒಗೆದರೂ ಅಂಟಂಟು, ಇನ್ನೊಬ್ಬರು ಮೇಷ್ಟ್ರು, ಬರೀ ಸೀಮೆಸುಣ್ಣ — ಏನಂದ? ಗಟ್ಟಿ ಬಟ್ಟೆ ಟ್ರಂಕಿನಲ್ಲಿ ಇರಬೇಕಲ್ಲ, ನೀನು ಕೂತಿರು, ನಾನೇ ಹುಡುಕ್ತೀನಿ. ಬೇಡ ಬೇಡ, ಟ್ರಂಕು ಬೇಡ, ಏಳೋಣ ಅಂದರೆ ಈ ಹಾಳು ಮಂಡಿ, ಅಡಿಯಲ್ಲಿದೆ ಅದು, ಹಳೇ ಬೆಡ್‌ಶೀಟಿನ ಕೆಳಗೆ, ಇಪ್ಪತ್ತೆರಡು ವರ್ಷ ಮುಚ್ಚಿಟ್ಟದ್ದು. ಆಗ ಮುದಿ ಬಿಷಪ್ ತೀರಿಕೊಂಡಿದ್ದರು, ಮುಂದೆ ನಿಮ್ಮ ತಮ್ಮನೇ, ಅಂದಳು ಗುರುಗಳ ಮನೆಯ ಅಡಿಗೆಯವಳು, ಚರ್ಚಿನಲ್ಲಿ ಬಾಜಾ ಬಾರಿಸುವವನೂ ಅಂದ, ಸಾಕಲ್ಲ ನನಗೆ, ಒಂದೇ ವಾರದಲ್ಲಿ ಕತ್ತರಿಸಿ ಹೊಲಿದೇಬಿಟ್ಟೆ, ಏಳು ಗಜ ನೇರಳೆ, ಮೂವತ್ತಮೂರು ಗುಂಡಿ, ರೋಮಿನಿಂದ ಪತ್ರ ಬಂತು, ಬೇರೆ ಯಾರ ಹೆಸರಿಗೋ ಬಂತು. ಅಹಂಕಾರದ ಪಾಪ ಅಂತ ಪಕ್ಕದೂರಿಗೆ ಬಸ್ಸು ಹತ್ತಿ ಹೋಗಿ ನಿವೇದನೆ ಮಾಡಿ ಬಂದೆ, ಇವನ ಹತ್ತಿರ ಹೇಗೆ ಹೇಳೋದು, ಆ ಗುರುಗಳು ಜಾಲರಿಯ ಆಚೆಯಿಂದ, ಎಷ್ಟು ಗಜ ಅಮ್ಮ? ಅಂದರು, ಪ್ರಾಯಶ್ಚಿತ್ತ ಗಜದ ಲೆಕ್ಕದಲ್ಲಿ ಕೊಟ್ಟರೋ ಏನೋ. ಇವನು ಮಾತ್ರ ನೋಡಬಾರದು, ನೋಡಿದರೆ ಬರೀ ಪಾದ್ರಿಯಾಗಿ ಉಳಿದದ್ದು ಅಕ್ಕನಿಗೆ ಸಾಲಲಿಲ್ಲ ಅಂದುಕೊಳ್ಳುತ್ತಾನೆ, ಸಾಲಲಿಲ್ಲವೇ, ಸಾಲಲಿಲ್ಲ, ನಿಜವೇ.

ಮುಚ್ಚಳ ತೆಗೆದ. ಬೆಡ್‌ಶೀಟು ತೆಗೆದ. ಇದು ಯಾರದಕ್ಕ, ಅಂತ ಕಾಲರ್ ತಿರುಗಿಸಿ ನೋಡುತ್ತಾನೆ, ನನ್ನ ಗುರುತಿನ ಹೊಲಿಗೆ, ಅವನ ಹಳೆಯ ಅಳತೆ, ಕೇಳಬೇಕಾದ್ದೇ ಇಲ್ಲ, ತೊಟ್ಟೇಬಿಟ್ಟ ಪುಣ್ಯಾತ್ಮ, ಒಂದು ಗುಂಡಿ, ಎರಡು, ಎಂಟನೆಯದಕ್ಕೆ ಹೊಟ್ಟೆ ಅಡ್ಡ, ಎಳೆದ, ಗುಂಡಿ ಟಪ್ಪಂತ ಹಾರಿ ಮಿಷನ್ನಿಗೆ ಬಡಿಯಿತು, ಆಹಾ, ಪೋಪರಿಗಿಂತ ಮೊದಲು ನೀನೇ ನನ್ನ ಬಿಷಪ್ ಮಾಡಿಬಿಟ್ಟಿದ್ದೀಯಲ್ಲೇ! ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು, ಅದು ನಗುವಿನದೇ ಇರಬೇಕು, ಅವನು ಕುರ್ಚಿ ಎಳೆದು ಎದುರಿಗೆ ಕೂತ, ಅಕ್ಕ, ಬೇಜಾರಾಗಿತ್ತಾ ನಿನಗೆ? ಹೂಂ ಅಂದೆ, ಇನ್ನೇನು ಸುಳ್ಳು ಹೇಳಲಿ ಈ ವಯಸ್ಸಿನಲ್ಲಿ. ನನಗೂ, ಅಂದ, ಎರಡು ವಾರ ನಿದ್ದೆ ಬರಲಿಲ್ಲ, ಯಾರಿಗೆ ಹೇಳೋದು, ನಿನಗೆ ಹೇಳೋಣ ಅಂದರೆ ಅಕ್ಕ ನೊಂದುಕೊಂಡಾಳು ಅಂತ ಸುಮ್ಮನಾದೆ. ಅಯ್ಯೋ ಪೆದ್ದೇ, ಇಬ್ಬರೂ ಒಂದೇ ಮೇಜಿನಲ್ಲಿ ಉಂಡುಕೊಂಡು, ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು!

ಕತ್ತರಿ ಅವನೇ ತಂದುಕೊಟ್ಟ, ಈ ನೇರಳೆ ಬಟ್ಟೆ ಗಟ್ಟಿಯಾಗಿದೆ, ಜೇಬಿಗೆ ಇದಕ್ಕಿಂತ ಬೇಕಾ, ಮೊದಲ ಕತ್ತರಿಗೆ ಕೈ ತಡೆಯಿತು, ಎರಡನೆಯದಕ್ಕೆ ಸಲೀಸು, ಮಿಷನ್ನು ಗರಗರ, ಆಯಿತು, ಬಿಳಿ ನಿಲುವಂಗಿ ತೊಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಾನೆ, ಕೀಲಿಕೈ ಇಲ್ಲಿಲ್ಲವಲ್ಲ, ಅಡುಗೆಮನೆಯ ಸೌಟಿನಲ್ಲೇ ಅಭ್ಯಾಸ, ಯಾರದು, ಯಾರು ಬೇಕಿತ್ತು, ಬನ್ನಿ ಒಳಗೆ, ಸೌಟು ಜೇಬಿಗೆ ಇಳಿಯುತ್ತೆ, ಮೇಲೆ ಬರುತ್ತೆ, ಜೇಬಿನ ಬಾಯಿ ಅಷ್ಟೇ ಅಷ್ಟು ತೆರೆದು, ಬಿಳಿಯ ನಡುವೆ ಒಂದು ಗೆರೆ ನೇರಳೆ, ನೆಟ್ಟಗೆ ನಿಂತರೆ ಕಾಣಲ್ಲ, ಸಾಲಲಿಲ್ಲ ಅಂದೆನಲ್ಲ ಆಗಲೇ, ಏನು ಸಾಲಲಿಲ್ಲ, ಬನ್ನಿ ಒಳಗೆ ಅಂತ ಮತ್ತೆ ಕೈ ಹಾಕಿದ, ಒಂದು ಗೆರೆ ನೇರಳೆ, ತೆಗೆದ, ಹಾಕಿದ, ಒಂದು ಗೆರೆ, ನೇರಳೆ —