ಒಂದೇ ನಂಬರಿನ ಜೋಡಿ

ಬರೀ ಪಿಸ್ತೂಲಿಗೆ ಒಂಬೈನೂರು ಡಾಲರ್ ಸಿಗುತ್ತಿತ್ತು. ಅದರ ಮ್ಯಾಗಜಿನ್, ಅಂದರೆ ಎಂಟು ಗುಂಡು ತುಂಬಿ ಹಿಡಿಯೊಳಗೆ ತೂರಿಸುವ ಕಿರಿದಾದ ತಗಡಿನ ಗೂಡು, ಬೇರೆಯಾಗಿ ಮಾರಿದರೆ ಇನ್ನೂರು. ಎರಡನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು, ಎರಡರ ಮೇಲೂ ಒಂದೇ ನಂಬರ್ ಇದೆ ಎಂದು ತೋರಿಸಿದರೆ ಸಾವಿರದ ಎಂಟುನೂರಕ್ಕೆ ಕಡಿಮೆ ಯಾರೂ ಕೇಳುತ್ತಿರಲಿಲ್ಲ. ಈ ಲೆಕ್ಕ ಚೆನ್ನಾಗಿ ಗೊತ್ತಿದ್ದೂ ಬರ್ನಿ ಹುಡಾಕ್ ಮತ್ತು ಅವನ ತಮ್ಮ ಸಿರಿಲ್ ಆ ಜೋಡಿಯನ್ನು ಹತ್ತೊಂಬತ್ತು ವರ್ಷ ಎರಡು ಮನೆಗಳಲ್ಲಿ ಇಟ್ಟಿದ್ದರು.

ಅವರಪ್ಪ ಎಮಿಲ್ ಎರಡನೇ ಮಹಾಯುದ್ಧದಲ್ಲಿ ಫಿಲಿಪ್ಪೀನ್ಸ್‌ನಿಂದ ತಂದ, ನಂಬು ಎಂಬ ಹೆಸರಿನ ಜಪಾನಿ ಪಿಸ್ತೂಲು ಅದು. ತೆಳ್ಳನೆಯ ನಳಿಗೆ, ಹಿಂದುಗಡೆ ಎಳೆಯಲು ಬಾಗಿಲ ಗುಬುಟಿನಂಥ ದುಂಡನೆಯ ಹಿಡಿ. ಪೆನ್ಸಿಲ್ವೇನಿಯಾದ ಆ ರೈಲ್ವೆ ಊರಿನಲ್ಲಿ ಆಗ ಅಂಥದ್ದು ಇನ್ನೊಂದಿರಲಿಲ್ಲ. ವರ್ಷಕ್ಕೊಮ್ಮೆ, ಯುದ್ಧದಲ್ಲಿ ಸತ್ತವರನ್ನು ನೆನೆಯುವ ಮೇ ತಿಂಗಳ ರಜೆಗೆ, ಎಮಿಲ್ ಮಕ್ಕಳಿಬ್ಬರನ್ನೂ ಗುಂಡು ಹಾರಿಸುವ ರೇಂಜಿಗೆ ಕರೆದುಕೊಂಡು ಹೋಗುತ್ತಿದ್ದ. ತುಂಬುವುದು ಒಂದೇ ಸಲ, ಎಂಟೇ ಗುಂಡು. ಮೊದಲ ನಾಲ್ಕು ಬರ್ನಿಗೆ. ಆಮೇಲೆ ಬಿಸಿ ಪಿಸ್ತೂಲು ಸಿರಿಲ್ ಕೈಗೆ, ಉಳಿದ ನಾಲ್ಕು ಅವನಿಗೆ. ಇಬ್ಬರಿಗೂ ಮೊಮ್ಮಕ್ಕಳಾದ ಮೇಲೂ ಈ ಪದ್ಧತಿ ತಪ್ಪಿರಲಿಲ್ಲ.

ಅಪ್ಪನನ್ನು ಮಣ್ಣು ಮಾಡಿ ಬಂದ ದಿನವೇ ಜಗಳ ಹತ್ತಿತು. ಪಿಸ್ತೂಲು ಹಿರಿಯನ ಮನೆಯಲ್ಲಿರಬೇಕು ಎಂದು ಬರ್ನಿ. ಕಾಯಿಲೆಯಲ್ಲಿ ಅಪ್ಪನನ್ನು ನೋಡಿಕೊಂಡವನು ನಾನು ಎಂದು ಸಿರಿಲ್. ನೆಂಟರು ಎಲೆಕೋಸಿನ ಕಡುಬು ತಿನ್ನುತ್ತಿದ್ದ ಹಾಗೆಯೇ ಸಿರಿಲ್ ಮ್ಯಾಗಜಿನ್ ಎಳೆದು ಜೇಬಿಗೆ ಹಾಕಿಕೊಂಡ. "ಇಟ್ಕೋ ನಿನ್ನ ಪಿಸ್ತೂಲು. ಇದಿಲ್ದೆ ಅದನ್ನ ಹೇಗೆ ಹೊಡೀತೀಯೋ ನೋಡ್ತೀನಿ." ಬರ್ನಿಯೂ ಬಿಡಲಿಲ್ಲ: "ಪಿಸ್ತೂಲಿಲ್ದೆ ಆ ತಗಡು ಇಟ್ಕೊಂಡು ನೀನೇನ್ ಮಾಡ್ತೀಯ, ಬೆನ್ನು ಕೆರ್ಕೋತೀಯ?" ಇನ್ನೊಬ್ಬ ಒಂದು ತಿಂಗಳಲ್ಲಿ ಬಾಗಿಲಿಗೆ ಬರುತ್ತಾನೆ ಎಂದು ಇಬ್ಬರೂ ನಂಬಿದ್ದರು.

ಈ ಫೆಬ್ರವರಿಯಲ್ಲಿ ಸಿರಿಲ್ ಎದೆನೋವಿನಿಂದ ತೀರಿಕೊಂಡ. ಬರ್ನಿ ಚರ್ಚಿನ ಕೊನೆಯ ಬೆಂಚಿನಲ್ಲಿ ಕೂತು ಎದ್ದುಬಂದ. ಮೇ ತಿಂಗಳಲ್ಲಿ ಸಿರಿಲ್‌ನ ಮಗಳು ರೆನೀ ಫೋನು ಮಾಡಿದಳು. "ಮ್ಯಾಗಜಿನ್ ನನ್ ಹತ್ರ ಇದೆ ಅಂಕಲ್. ತಾತನ ಹಾಗೇ ಒಂದ್ಸಲ ಹೊಡೀಬೇಕು. ನಾಲ್ಕು ನಿಮ್ದು, ನಾಲ್ಕು ಅಪ್ಪನ ಲೆಕ್ಕದಲ್ಲಿ ನಂದು." ತಮ್ಮ ಬದುಕಿದ್ದಾಗ ಕೇಳದ ಕ್ಷಮೆಯನ್ನು ಬರ್ನಿಗೆ ಆ ಎಂಟು ಗುಂಡಿನಲ್ಲಾದರೂ ಕೇಳಿಬಿಡಬೇಕು ಎನಿಸಿತು. ಎಂಟೂ ನಡುವೆ ಎಲ್ಲೂ ನಿಲ್ಲದೆ ಹಾರಬೇಕು.

ಶನಿವಾರ ಬೆಳಿಗ್ಗೆ ರೇಂಜಿನಲ್ಲಿ ಕ್ಲಬ್ಬಿನ ಮೇಲ್ವಿಚಾರಕ ಗಸ್ ಕಾಯುತ್ತಿದ್ದ. ಐವತ್ತು ವರ್ಷದ ಗೆಳೆಯ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ.

"ಏನೋ ಬರ್ನಿ, ಶರ್ಟಿಗೆ ಇಸ್ತ್ರಿ ಹಾಕಿದೀಯ! ಮದುವೆಗೆ ಹೊರಟೆಯಾ?"

"ನಿನ್ನ ಬಾಯಿಗೂ ಒಂದು ಮ್ಯಾಗಜಿನ್ ಇರ್ಬೇಕಿತ್ತು ಕಣೋ. ಎಂಟಕ್ಕೆ ಖಾಲಿ ಆಗ್ತಿತ್ತು."

ರೆನೀ ನಕ್ಕಳು. ನಗುವಾಗ ಅವಳ ಹುಬ್ಬು ಥೇಟ್ ಸಿರಿಲ್‌ದು. ಅವಳು ಕೈಯಲ್ಲಿದ್ದ ಬಟ್ಟೆಯ ಗಂಟು ಬಿಚ್ಚಿ ಮ್ಯಾಗಜಿನ್ ಕೊಟ್ಟಳು. ಬರ್ನಿ ಎಂಟು ಗುಂಡು ತುಂಬಿ ಹಿಡಿಯೊಳಗೆ ತಳ್ಳಿ, ಹಿಂದಿನ ಗುಬುಟು ಎಳೆದು ಬಿಟ್ಟ. ಮೊದಲನೆಯದು ಹಾರಿತು. ಎರಡನೆಯದು ಒಳಗೇ ತಲೆ ತಗ್ಗಿಸಿ ಸಿಕ್ಕಿಕೊಂಡಿತು. ಬಿಡಿಸಿದ, ಮತ್ತೆ ಸಿಕ್ಕಿಕೊಂಡಿತು. ಮತ್ತೆ ಬಿಡಿಸಿದ.

"ಕೊಡಿಲ್ಲಿ" ಎಂದು ಗಸ್ ಮ್ಯಾಗಜಿನ್ ತೆಗೆದು ಬೆಳಕಿಗೆ ಹಿಡಿದ. "ಇದರ ತುಟಿ, ಗುಂಡು ಹಿಡಿಯೋ ಮೇಲಿನ ಅಂಚು, ಯಾರೋ ಬಗ್ಗಿಸಿದಾರೆ. ಬೇರೆ ಪಿಸ್ತೂಲಿಗೆ ಹೊಂದಿಸಿದಾರೆ. ನೋಡು, ಹೇಗೆ ಸವೆದಿದೆ. ಸಾವಿರಾರು ಗುಂಡು ದಾಟಿದೆ ಇದರಲ್ಲಿ."

ಬರ್ನಿ ಅದರ ಅಂಚಿನ ಮೇಲೆ ಬೆರಳಾಡಿಸಿದ. ಇಕ್ಕಳದ ಹಲ್ಲಿನ ಗುರುತೇ ಇಲ್ಲ. ಗುರುತು ಬೀಳದಂತೆ ಇಕ್ಕಳಕ್ಕೆ ಟೇಪು ಸುತ್ತಿ ಬಗ್ಗಿಸುವವನು, ಅಣ್ಣತಮ್ಮ ಇಬ್ಬರೂ ದುಡಿದ ರೈಲ್ವೆ ಕಾರ್ಖಾನೆಯಲ್ಲಿ ಸಿರಿಲ್ ಒಬ್ಬನೇ ಇದ್ದ.

"ಬೇರೆ ಪಿಸ್ತೂಲು ಅಂದ್ರೆ?" ಬರ್ನಿ ರೆನೀ ಕಡೆ ತಿರುಗಿದ.

"ನಿಮಗೆ ಗೊತ್ತಿಲ್ವಾ ಅಂಕಲ್? ಅಪ್ಪನೂ ಒಂದು ನಂಬು ತಗೊಂಡಿದ್ರು, ಜಗಳ ಆದ ವರ್ಷವೇ. ಮ್ಯಾಗಜಿನ್ ಇಲ್ಲದ್ದು, ನಳಿಗೆಯೆಲ್ಲ ತುಕ್ಕು, ಅದಕ್ಕೇ ಅಗ್ಗ. ಪ್ರತಿ ಶನಿವಾರ ಬೆಟ್ಟದಾಚೆ ಕ್ಲಬ್ಬಿಗೆ ಹೋಗ್ತಿದ್ರು." ಮ್ಯಾಗಜಿನ್ ಕಡೆ ನೋಡುತ್ತ ಹೇಳಿದಳು: "ಬರ್ನಿ ಪಾಪ ಒಂದೊಂದೇ ಗುಂಡು ಕೈಯಲ್ಲಿ ತುರುಕ್ತಿರ್ತಾನೆ, ಇವತ್ತಲ್ಲ ನಾಳೆ ಇದನ್ನ ಕೇಳ್ಕೊಂಡು ಬರ್ತಾನೆ ಅಂತಿದ್ರು. ನೀವು ಬಂದ್ರೆ ಬೇಕು ಅಂತ ಅಮ್ಮನ ಕೈಲಿ ಒಂದು ಬಾಟ್ಲಿ ವಿಸ್ಕಿ ಬೇರೆ ತೆಗೆದಿಡಿಸಿದ್ರು."

ಬರ್ನಿ ಜೇಬಿಗೆ ಕೈಹಾಕಿ ಇನ್ನೊಂದು ಮ್ಯಾಗಜಿನ್ ತೆಗೆದು ಮೇಜಿನ ಮೇಲಿಟ್ಟ. ಬೇರೆ ನಂಬರಿನದು. ಜಗಳವಾದ ಮೂರನೇ ವಾರವೇ ಬಂದೂಕಿನ ಸಂತೆಯಲ್ಲಿ ಕೊಂಡದ್ದು. ಅವತ್ತು ತಮ್ಮನನ್ನು ಸೋಲಿಸಿದೆ ಎಂದು ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತ ಮನೆಗೆ ಬಂದಿದ್ದ. ಅಂದಿನಿಂದ ಅವನೂ ಶನಿವಾರ ತಪ್ಪಿಸಿರಲಿಲ್ಲ.

ರೆನೀ ಅದನ್ನು ನೋಡಿದಳು. ನಗು ಬಂತು, ಅರ್ಧಕ್ಕೇ ನಿಂತಿತು. "ಅಯ್ಯೋ ಅಂಕಲ್."

ಗಸ್ ಸಿರಿಲ್‌ನ ಮ್ಯಾಗಜಿನ್‌ಗೆ ಕೈ ಚಾಚಿದ. "ಎರಡು ನಿಮಿಷ ಕೊಡು, ತುಟಿ ಮೊದಲಿನ ಹಾಗೆ ಮಾಡ್ಕೊಡ್ತೀನಿ. ಜೋಡಿ ಜೋಡಿಯಾಗೇ ಇರುತ್ತೆ."

"ಮುಟ್ಬೇಡ. ಅದು ಅವನು ಹೊಂದಿಸಿದ್ದು. ಹಾಗೇ ಇರ್ಲಿ."

"ಅಪ್ಪನ ಪಿಸ್ತೂಲು ಕಾರಲ್ಲಿದೆ" ಎಂದಳು ರೆನೀ, ಹೇಳಲೋ ಬೇಡವೋ ಎಂಬಂತೆ.

ತಂದಳು. ಬಣ್ಣ ಹೋದ, ಹಿಡಿಯ ಮರ ಒಡೆದು ಅಂಟು ಹಾಕಿದ ಪಿಸ್ತೂಲು. ಯಾವ ಸಂಗ್ರಹಕಾರನೂ ಎರಡನೇ ಸಲ ನೋಡುವಂಥದ್ದಲ್ಲ. ಮತ್ತೆ ಎಂಟು ಗುಂಡು ತುಂಬಿದ ಮ್ಯಾಗಜಿನ್ ಅದರೊಳಗೆ ಸಲೀಸಾಗಿ ಹೋಗಿ ಕೂತಿತು. ಬರ್ನಿ ನಾಲ್ಕು ಹಾರಿಸಿದ. ಒಂದೂ ತಡೆಯಲಿಲ್ಲ, ಹೊಲಿಗೆ ಯಂತ್ರದ ಹಾಗೆ ನಡೆಯಿತು. ಬಿಸಿ ಪಿಸ್ತೂಲನ್ನು ರೆನೀ ಕೈಗೆ ಕೊಟ್ಟ. ಅವಳು ಅಳುತ್ತಲೇ ಉಳಿದ ನಾಲ್ಕು ಹಾರಿಸಿದಳು. ಎರಡು ಗುರಿಹಲಗೆಗೂ ತಗಲಲಿಲ್ಲ.

"ಗುರಿ ತಪ್ಪೋದ್ರಲ್ಲೂ ಸಿರಿಲ್‌ನ ಮಗಳೇ ಸರಿ" ಎಂದ ಗಸ್, ಮೆಲ್ಲಗೆ.

ಖಾಲಿಯಾದ ನಂಬುವಿನಿಂದ ಮ್ಯಾಗಜಿನ್ ಎಳೆಯುವುದು ಕಷ್ಟ. ಒಬ್ಬರು ಪಿಸ್ತೂಲು ಗಟ್ಟಿಯಾಗಿ ಹಿಡಿದರೆ ಇನ್ನೊಬ್ಬರು ಎಳೆಯಬೇಕು. ಬರ್ನಿ ಹಿಡಿದ, ರೆನೀ ಎಳೆದಳು. ಹೊರಗೆ ಬಂದದ್ದನ್ನು ಅವಳು ಅವನ ಕೈಗಿಡಲು ಹೋದಾಗ ಅವನು ಅವಳ ಬೆರಳು ಮಡಿಸಿ ಹಿಂದಕ್ಕೆ ತಳ್ಳಿದ. ಎಮಿಲ್‌ನ ಪಿಸ್ತೂಲನ್ನೂ ಬಟ್ಟೆಯಲ್ಲಿ ಸುತ್ತಿ ಅವಳ ಮುಂದಿಟ್ಟ.

"ತಗೊಂಡೋಗು. ನಿನ್ನ ಹೆಸರಿಗೆ ಬರೆಯೋ ಕಾಗದ ಸೋಮವಾರ ಮಾಡಿಸೋಣ."

"ನಿಮಗೆ ಬೇಡ್ವಾ?"

"ಈ ಪಿಸ್ತೂಲಿಗೆ ಹಾಕೋಕೆ ಏನೂ ಸಿಗ್ದಿದ್ರೆ ನಾನು ಅವತ್ತೇ ನಿಮ್ಮಪ್ಪನ ಬಾಗಿಲು ತಟ್ಟಿರ್ತಿದ್ದೆ ಮಗಳೇ. ಆ ಬೇರೆ ನಂಬರಿನ ತಗಡು ಸಿಗ್ತಲ್ಲ, ಅದಕ್ಕೇ ತಟ್ಟಲಿಲ್ಲ."

ಹತ್ತೊಂಬತ್ತು ವರ್ಷ ಅಣ್ಣತಮ್ಮಂದಿರು ಒಂದು ಬೆಟ್ಟದ ಎರಡು ಮಗ್ಗುಲಲ್ಲಿ, ಪ್ರತಿ ಶನಿವಾರ, ಒಂದೇ ಜಾತಿಯ ಗುಂಡು ಹಾರಿಸಿದ್ದರು. ಗುಂಡು ಹೊಡೆಯುವುದು ಇಬ್ಬರಿಗೂ ತಪ್ಪಿರಲಿಲ್ಲ. ಬರ್ನಿಗಿದ್ದವನು ಒಬ್ಬನೇ ತಮ್ಮ, ಅವನು ತಪ್ಪಿಹೋದ.