ಮುಳ್ಳು ಇಳಿದ ಎರಡು ಗೆರೆ

ನಾನು ಒಂದು ಗಾಜಿನ ಕೊಳವೆ. ಮೂರು ಅಡಿ ಉದ್ದ, ಹಿಡಿದರೆ ಮುಷ್ಟಿ ತುಂಬುವಷ್ಟು ದಪ್ಪ. ಧಾರವಾಡದ ಕಡೆಯ ಒಂದು ವಿಶ್ವವಿದ್ಯಾಲಯದ ವರ್ಕ್‌ಶಾಪಿನಲ್ಲಿ, ೧೯೮೮ರಲ್ಲಿ ಹುಟ್ಟಿದೆ. ನನ್ನನ್ನು ಮಾಡಿದವರು ಮಕ್ತುಮಸಾಬ ಮುಲ್ಲಾ. ಗಾಜು ಊದುವುದೇ ಅವರ ಕೆಲಸ. ಉರಿಯುವ ಜ್ವಾಲೆಯ ಮುಂದೆ ನನ್ನನ್ನು ತಿರುಗಿಸುತ್ತ, ಕೆನ್ನೆ ಉಬ್ಬಿಸಿ ಊದುತ್ತ, ಎರಡೂ ತುದಿಗಳನ್ನು ತೆಳ್ಳನೆಯ ಗಾಜಿನಿಂದಲೇ ಚಂದವಾಗಿ ಮುಚ್ಚಿದರು.

ನನ್ನನ್ನು ಮಾಡಲು ಹೇಳಿದ್ದವರು ಭೌತಶಾಸ್ತ್ರ ವಿಭಾಗದ ಪದ್ಮಾವತಿ ಚೌಗಲಾ ಮೇಡಂ. ಭೂಮಿ ಏಕೆ ಬಿಸಿಯಾಗುತ್ತಿದೆ ಎಂಬುದನ್ನು ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಬರೀ ಬೋರ್ಡಿನ ಮೇಲೆ ಬರೆದು ತೋರಿಸಿದರೆ ಸಾಲದು, ಕಣ್ಣಿಗೆ ಕಾಣಿಸಬೇಕು ಎಂಬುದು ಅವರ ಹಟ. ನನ್ನ ಒಂದು ತುದಿಯ ಮುಂದೆ ಕುದಿಯುವ ನೀರು ತುಂಬಿದ, ಮಸಿ ಬಳಿದ ಡಬ್ಬಿ ಇಟ್ಟರು. ಇನ್ನೊಂದು ತುದಿಗೆ ಶಾಖ ಅಳೆಯುವ ಉಪಕರಣ, ಅದಕ್ಕೊಂದು ಮುಳ್ಳಿನ ಮೀಟರು. ಡಬ್ಬಿಯಿಂದ ಹೊರಡುವ, ಕಣ್ಣಿಗೆ ಕಾಣದ ಶಾಖ ನನ್ನ ಮೂಲಕ ಹಾದು ಮುಳ್ಳನ್ನು ಏರಿಸಬೇಕಿತ್ತು. ಮುಳ್ಳು ಅಲ್ಲಾಡಲಿಲ್ಲ.

"ಮಕ್ತುಮಸಾಬ್ರ, ಇಂಥಾ ಶಾಖ ಗಾಜಿನಾಗ ಹಾಯೂದಿಲ್ರಿ. ತಪ್ಪು ನಂದ. ಮೊದ್ಲ ಹೇಳಬೇಕಿತ್ತು," ಎಂದರು ಮೇಡಂ.

"ಅದಕ್ಯಾಕ ಬ್ಯಾಸರಾ ಮಾಡ್ಕೋತೀರಿ ಮೇಡಮ್ಮರ? ಎರಡೂ ಬಾಯಿ ಬಿಚ್ಚಿ ಕೊಡ್ತೀನಿ," ಎಂದರು ಅವರು. ಅಷ್ಟು ನಾಜೂಕಾಗಿ ಮುಚ್ಚಿದ್ದನ್ನು ತಾವೇ ಕತ್ತರಿಸಿ, ಅಂಚು ನುಣುಪು ಮಾಡಿ, ಅನಿಲ ತುಂಬಲು ಪಕ್ಕದಲ್ಲೊಂದು ಸಣ್ಣ ಮೂತಿ ಕೂಡಿಸಿದರು. ತುದಿಗಳಿಗೆ ಮೇಡಂ ಈ ಶಾಖವನ್ನು ಹಾಯಗೊಡುವ ತೆಳು ಪಾಲಿಥೀನ್ ಹಾಳೆ ಬಿಗಿದರು. ಮುಳ್ಳು ಮೂವತ್ತನೇ ಗೆರೆಗೆ ಏರಿತು. ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ತುಂಬಿದೊಡನೆ ಇಪ್ಪತ್ತೈದಕ್ಕೆ ಇಳಿಯಿತು. ಒಳಗಿನ ಅನಿಲ ಶಾಖವನ್ನು ತಡೆದಿತ್ತು. ಬಿಸಿಲಿಗೆ ಕಾದ ನೆಲ ಮೇಲಕ್ಕೆ ಬಿಡುವ ಶಾಖವನ್ನೂ ಇದೇ ಅನಿಲ ಹೀಗೇ ತಡೆಯುತ್ತದೆ ಎಂದು ಮೇಡಂ ವಿವರಿಸುತ್ತಿದ್ದರು. ಏಳು ವರ್ಷ, ಏಳು ತಂಡಗಳು ಬಗ್ಗಿ ನಿಂತು ಆ ಐದು ಗೆರೆಗಳನ್ನು ಎಣಿಸಿ ಬರೆದುಕೊಂಡವು. ನನಗೆ ಅದರ ಹೆಮ್ಮೆ ಇತ್ತು.

ಎಂಟನೆಯ ವರ್ಷ ಗದಗಿನಿಂದ ಕಸ್ತೂರಿ ತಳವಾರ ಎಂಬ ಹುಡುಗಿ ಬಂದಳು. ಅವಳ ತಂದೆಗೆ ಗೋಲಿ ಸೋಡಾ ಅಂಗಡಿ. ಮುಳ್ಳು ಇಳಿದು ಎಲ್ಲರೂ ಬರೆದುಕೊಳ್ಳುತ್ತಿದ್ದಾಗ ಅವಳು ಪೆನ್ನು ಎತ್ತಲಿಲ್ಲ. ನನ್ನ ಮೈಮೇಲೆ ಅಂಗೈ ಇಟ್ಟು ನೋಡಿದಳು.

"ಮೇಡಂ, ಒಂದ್ ಮಾತ್ ಕೇಳ್ಲೇನ್ರಿ? ನಮ್ಮಪ್ಪ ಸೋಡಾ ತುಂಬೂ ಮುಂದ ಸಿಲಿಂಡರಿನ ಬಾಯಿಗೆ ಹಿಮ ಕಟ್ತೈತ್ರಿ. ಗ್ಯಾಸು ಅಷ್ಟು ತಣ್ಣಗ ಬರತೈತಿ. ಈ ಕೊಳವಿನೂ ತಣ್ಣಗಾಗೇತ್ರಿ. ಮುಳ್ಳು ಇಳಿಯೂದು ಗ್ಯಾಸಿಗೋ, ಥಂಡಿಗೋ?"

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಕಸ್ತೂರಿಯ ಮುಖ ಕೆಂಪಾಯಿತು. ಮೇಡಂ ನಗಲಿಲ್ಲ. ತಾವೂ ನನ್ನ ಮೈಮೇಲೆ ಅಂಗೈ ಇಟ್ಟು ನೋಡಿದರು.

"ನನಗೂ ಗೊತ್ತಿಲ್ಲವ್ವಾ," ಎಂದರು. "ಏಳ್ ವರ್ಷ ಆತು, ನಾ ಒಮ್ಮಿನೂ ಕೇಳ್ಕೊಂಡಿಲ್ಲ. ಬಾ, ಇಬ್ರೂ ಕೂಡಿ ನೋಡೂಣು."

ಮರುದಿನ ಮುಂಜಾನೆ ಕ್ಯಾಂಟೀನಿನಿಂದ ಮಂಜುಗಡ್ಡೆ ತರಿಸಿದರು. ಸಾದಾ ಗಾಳಿಯನ್ನು ಅದರಲ್ಲಿ ತಣ್ಣಗಾಗಿಸಿ ನನ್ನೊಳಗೆ ಬಿಟ್ಟರು. ಮುಳ್ಳು ಮೂರು ಗೆರೆ ಇಳಿಯಿತು. ಆ ಗಾಳಿಯಲ್ಲಿ ಸಿಲಿಂಡರಿನ ಅನಿಲ ಚೂರೂ ಇರಲಿಲ್ಲ, ಬರೀ ತಂಪಿತ್ತು.

ಆಗ ಕಸ್ತೂರಿ ಫುಟ್‌ಬಾಲಿನ ಬ್ಲಾಡರುಗಳನ್ನು ತಂದಳು. ಒಂದರಲ್ಲಿ ಸಿಲಿಂಡರಿನ ಅನಿಲ, ಇನ್ನೊಂದರಲ್ಲಿ ಗಾಳಿ. ಎರಡೂ ಕೋಣೆಯಷ್ಟೇ ಬೆಚ್ಚಗಾಗಲೆಂದು ಮಧ್ಯಾಹ್ನದವರೆಗೆ ಕಾದರು. ಮೊದಲು ಗಾಳಿ ತುಂಬಿದರು. ಮುಳ್ಳು ಮೂವತ್ತರಲ್ಲೇ ನಿಂತಿತ್ತು. ಆಮೇಲೆ ಅನಿಲ. ನನ್ನ ಆಯುಷ್ಯದಲ್ಲಿ ನಾನು ಅಷ್ಟು ಹೆದರಿದ್ದು ಅದೊಂದೇ ಸಲ. ಇಳಿಯದೇ ಹೋದರೆ ನಾನು ಏಳು ವರ್ಷ ಹೇಳಿದ್ದೆಲ್ಲ ಸುಳ್ಳು.

ಮುಳ್ಳು ಎರಡು ಗೆರೆ ಇಳಿದು ನಿಂತಿತು. ಹತ್ತು ಸಲ ಮಾಡಿದರು. ಹತ್ತು ಸಲವೂ ಎರಡೇ.

"ಎರಡಾದ್ರೂ ಅಷ್ಟ, ಐದಾದ್ರೂ ಅಷ್ಟ. ಗ್ಯಾಸು ಶಾಖ ತಡೀತೈತಿ ಅನ್ನೂದು ಖರೇನ ಅಲ್ರಿ? ಬಿಟ್ಟಬಿಡ್ರಿ," ಎಂದರು ಸಹೋದ್ಯೋಗಿ ಹೊಸಕೇರಿ ಸರ್.

"ಬಿಡಾಕ ಬರೂದಿಲ್ರಿ," ಎಂದರು ಮೇಡಂ. "ನಾ ತೋರ್ಸಿದ್ದು ಐದು, ಖರೇ ಇರೂದು ಎರಡು. ಆ ಮೂರು ಸುಳ್ಳು ಅಂತ ನಾಳೆ ಬ್ಯಾರೆ ಯಾರರ ತೋರ್ಸಿದ್ರ, ಉಳದ ಎರಡನ್ನೂ ಜನ ನಂಬೂದಿಲ್ಲ."

ದಸರಾ ರಜೆಯಲ್ಲಿ ವಿಭಾಗದ ರಿಜಿಸ್ಟರು ತೆಗೆದು ಅವರು ಹಳೆಯ ವಿದ್ಯಾರ್ಥಿಗಳಿಗೆಲ್ಲ ಪೋಸ್ಟ್‌ಕಾರ್ಡ್ ಬರೆದರು. ನೂರಕ್ಕೂ ಹೆಚ್ಚು. ‘ನಾನು ತೋರಿಸಿದ ಐದು ಗೆರೆಗಳಲ್ಲಿ ಮೂರು ತಂಪಿನವು. ಎರಡು ಮಾತ್ರ ಇಂಗಾಲದ ಡೈಆಕ್ಸೈಡಿನವು. ನನ್ನ ತಪ್ಪನ್ನು ಕಂಡುಹಿಡಿದವಳು ಕಸ್ತೂರಿ ತಳವಾರ.’ ಪ್ರತಿ ಕಾರ್ಡಿನಲ್ಲೂ ಆ ಹೆಸರು ಬರೆದರು. ಸಿಂದಗಿಯ ಹೈಸ್ಕೂಲೊಂದರಲ್ಲಿ ಮೇಷ್ಟ್ರಾಗಿದ್ದ ಒಬ್ಬರಿಂದ ಉತ್ತರ ಬಂತು: ‘ಮೇಡಂ, ನಾನೂ ಮಕ್ಕಳಿಗೆ ಐದು ಎಂದೇ ಹೇಳಿದ್ದೆ. ಇಂದು ತರಗತಿಯಲ್ಲಿ ತಿದ್ದಿದೆ. ಬೋರ್ಡಿನ ಮುಂದೆ ತಪ್ಪೊಪ್ಪಿಕೊಳ್ಳುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ.’ ಮೇಡಂ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

ಅವರು ನಿವೃತ್ತರಾದ ಮೇಲೆ ಪಿಎಚ್.ಡಿ. ಮುಗಿಸಿದ ಕಸ್ತೂರಿಯೇ ಆ ಪಾಠಕ್ಕೆ ಬಂದಳು. ನಾನು ಅವಳ ಕೈಗೆ ಬಂದೆ. ಹದಿನಾಲ್ಕು ವರ್ಷ ಜೊತೆಯಾಗಿ ದುಡಿದೆವು. ವಿಭಾಗ ಹೊಸ ಕಟ್ಟಡಕ್ಕೆ ಹೋಗುವಾಗ ತಳ್ಳುಗಾಡಿ ಎಡವಿ ನನ್ನ ಮೈಯಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿತು. ಇನ್ನು ಅನಿಲ ನನ್ನಲ್ಲಿ ನಿಲ್ಲದು. ಅನಿಲವು ಯಾವ ಬಗೆಯ ಶಾಖವನ್ನು ಎಷ್ಟು ತಡೆಯಿತೆಂದು ಪರದೆಯ ಮೇಲೆ ಗೆರೆ ಎಳೆದು ತೋರಿಸುವ ಯಂತ್ರ ಈಗ ಬಂದಿದೆ. ಅದು ಒಳ್ಳೆಯ ಯಂತ್ರ. ನನಗೆ ಹೊಟ್ಟೆಕಿಚ್ಚಿಲ್ಲ. ಕಪಾಟಿನ ಮೇಲೆ ಬಟ್ಟೆ ಹಾಸಿ ನನ್ನನ್ನು ಮಲಗಿಸಿದ್ದಾರೆ. ತನ್ನ ಕೆಲಸವನ್ನು ತಾನೇ ಕತ್ತರಿಸಿಕೊಟ್ಟ ಕೈಯಲ್ಲಿ ಹುಟ್ಟಿ, ಗೊತ್ತಿಲ್ಲವೆಂದು ಹೇಳಬಲ್ಲವರ ಕೈಯಲ್ಲಿ ಬಾಳಿದೆ. ಒಂದು ಕೊಳವೆಗೆ ಇದಕ್ಕಿಂತ ಹೆಚ್ಚು ಏನು ಬೇಕು?

ವರ್ಷಕ್ಕೊಮ್ಮೆ, ಮೊದಲ ತರಗತಿಯ ದಿನ, ಕಸ್ತೂರಿ ನನ್ನನ್ನು ಇಳಿಸಿ ಎತ್ತಿ ಹಿಡಿಯುತ್ತಾಳೆ.

"ಇದ್ರೊಳಗ ಏನೈತಿ?"

"ಏನೂ ಇಲ್ರಿ ಮೇಡಂ. ಖಾಲಿ ಐತ್ರಿ."

"ಇದನ್ನ ಮಾಡಿದ ವರ್ಷ ಗಾಳಿಯೊಳಗ ಹತ್ತು ಲಕ್ಷಕ್ಕ ಮುನ್ನೂರೈವತ್ತು ಪಾಲು ಇಂಗಾಲದ ಡೈಆಕ್ಸೈಡ್ ಇತ್ತು. ಈಗ ನಾನೂರಿಪ್ಪತ್ತು ದಾಟೇತಿ. ಈಗ ಹೇಳ್ರಿ, ಖಾಲಿ ಐತೇನು?"

ಯಾರೋ ಒಬ್ಬರು ನನಗಾಗಿ ಕೈ ಚಾಚುತ್ತಾರೆ. ನಾನು ಬೆಂಚಿನಿಂದ ಬೆಂಚಿಗೆ ಹೋಗುತ್ತೇನೆ. ಕಾಣುವುದೇನೂ ಇಲ್ಲವೆಂದು ಗೊತ್ತಿದ್ದೂ ಒಬ್ಬೊಬ್ಬರೂ ನನ್ನ ತುದಿಗೆ ಕಣ್ಣಿಟ್ಟು, ಉಸಿರು ಬಿಗಿಹಿಡಿದು ನೋಡುತ್ತಾರೆ.