ಕತ್ತರಿ ಗುರುತಿನ ಕಾರು

ನನ್ನ ಚಿಕ್ಕಪ್ಪ ಹೊಸ ಸಾಮಾನು ಕೊಂಡದ್ದನ್ನು ನಾನು ಇದುವರೆಗೆ ಕಂಡಿಲ್ಲ. "ಹಳೇದು ಹತ್ತು ವರ್ಷ ಬಾಳಿ ತೋರಿಸಿರುತ್ತೆ ಕಣೇ. ಹೊಸದಕ್ಕೆ ಏನಿದೆ, ಬರೀ ಡಬ್ಬಿ," ಅನ್ನುವುದು ಅವರ ಸಿದ್ಧಾಂತ. ಅವರ ಚಪ್ಪಲಿಯಿಂದ ಹಿಡಿದು ಕನ್ನಡಕದವರೆಗೆ ಎಲ್ಲವೂ ಬೇರೆ ಯಾರದೋ ಮೈಮೇಲೆ ಒಂದು ಜನ್ಮ ಮುಗಿಸಿ ಬಂದವು.

ಚಿಕ್ಕಮ್ಮನದು ಒಂದೇ ಕಾರಿನ ಡ್ರೈವಿಂಗ್ ಸ್ಕೂಲು. ಅರ್ಜಿ ತುಂಬುವುದು, ಫೋನ್ ಎತ್ತುವುದು ನನ್ನ ಕೆಲಸ. ಮೊನ್ನೆ ಸಂಜೆ ಕಲಿಯಲು ಬಂದ ನಿವೃತ್ತ ಟೈಪಿಸ್ಟೊಬ್ಬರು ಕ್ಲಚ್ಚು ಒತ್ತಿ ಅಂದರೆ ಬೇರೆ ಏನನ್ನೋ ಒತ್ತಿ, ಕಾರಿನ ಎಡಗಡೆಯ ಹೆಡ್‌ಲೈಟನ್ನು ಗೇಟಿನ ಕಂಬಕ್ಕೆ ಅರ್ಪಿಸಿಬಿಟ್ಟರು. ಮಾರನೆಯ ದಿನವೇ ಮಧ್ಯಾಹ್ನ ಮೂರಕ್ಕೆ ವರ್ಷದ ತಪಾಸಣೆ. ಎರಡೂ ಲೈಟು ಉರಿಯದಿದ್ದರೆ ಕಾರು ಫೇಲು. ಫೇಲಾದರೆ ಮತ್ತೆ ಸರದಿ ಬರುವುದು ಒಂದೂವರೆ ತಿಂಗಳಿಗೆ. ಅಲ್ಲಿಯವರೆಗೆ ಕಲಿಸುವಂತಿಲ್ಲ. ಚಿಕ್ಕಮ್ಮನ ಬಳಿ ಇದ್ದ ಹನ್ನೊಂದು ಜನರೂ ಎದುರು ಬೀದಿಯ ಮೂರು ಕಾರಿನ ಸ್ಕೂಲಿಗೆ ಹಾರುವುದು ಗ್ಯಾರಂಟಿ. ಅಲ್ಲಿಗೆ ಸ್ಕೂಲಿನ ಬಾಗಿಲು ಮುಚ್ಚಿದಂತೆಯೇ.

"ಶೋರೂಮಿಗೆ ಹೋಗಿ ಹೊಸ ಲೈಟು ತನ್ನಿ," ಅಂದರು ಚಿಕ್ಕಮ್ಮ.

"ಅವರು ಹೇಳೋ ರೇಟಿಗೆ ಕಾರಿನ ಮುಂದೆ ನಾನೇ ಟಾರ್ಚ್ ಹಿಡ್ಕೊಂಡು ಓಡ್ತೀನಿ."

"ಓಡಿ, ಹೊಟ್ಟೆನಾದ್ರೂ ಕರಗುತ್ತೆ. ನನಗೆ ನಾಳೆ ಒಂದು ಗಂಟೆವರೆಗೆ ಬೋರ್ಡಿನ ಮುಂದೆ ರಸ್ತೆ ನಿಯಮದ ಪಾಠ ಇದೆ. ಒಂದೂವರೆಗೆ ಗುಜರಿ ಯಾರ್ಡಿಗೆ ಬರ್ತೀನಿ. ಅಷ್ಟರಲ್ಲಿ ಲೈಟು ಕೂತಿರಬೇಕು. ಇಲ್ದಿದ್ರೆ ನಿಮ್ಮನ್ನೂ ಅಲ್ಲೇ ತೂಕಕ್ಕೆ ಹಾಕಿ ಬರ್ತೀನಿ."

ಯಾರ್ಡು ನಡೆಸುವವಳನ್ನು ಎಲ್ಲರೂ ಗುಜರಿಯಕ್ಕ ಅನ್ನುತ್ತಾರೆ. ಅವಳ ಕಟ್ಟಳೆ ಸರಳ. ಕಾಗದಪತ್ರ ಮುಗಿದ ಕಾರಿನ ಗಾಜಿನ ಮೇಲೆ ಅವಳು ಸೀಮೆಸುಣ್ಣದಲ್ಲಿ ಕತ್ತರಿ ಗುರುತು ಹಾಕುತ್ತಾಳೆ. ಗುರುತಿದ್ದ ಕಾರಿನಿಂದ ಏನು ಬೇಕಾದರೂ ನೀವೇ ಬಿಚ್ಚಿಕೊಳ್ಳಿ, ಗೇಟಿನಲ್ಲಿ ದುಡ್ಡು ಕೊಟ್ಟು ನಡೆಯಿರಿ. ಗುರುತಿಲ್ಲದ ಕಾರು ಮುಟ್ಟಿದರೆ ನಿಮ್ಮ ಸ್ಪ್ಯಾನರು ಅವಳದಾಗುತ್ತದೆ. ಹಾಗೆ ಜಮೆಯಾದ ಸ್ಪ್ಯಾನರುಗಳೇ ಒಂದು ಡ್ರಮ್ಮು ತುಂಬಿವೆ. ಇನ್ನೊಂದು, ಅವಳು ರೇಟು ಹೇಳುವುದು ಸಾಮಾನು ನೋಡಿ ಅಲ್ಲ, ಗಿರಾಕಿಯ ಕಾರು ನೋಡಿ.

ಅದಕ್ಕೇ ಚಿಕ್ಕಪ್ಪ ಕಾರಿನ ಬಾಗಿಲ ಮೇಲಿದ್ದ ಸ್ಕೂಲಿನ ಹೆಸರಿಗೆ ದಾರಿಯಲ್ಲೇ ಕೆಸರು ಮೆತ್ತಿದರು. ಆಮೇಲೆ ಲಾರಿಗಳು ಬರುವ ಹಿಂಬಾಗಿಲಿನಿಂದ ಒಳಗೆ ನುಗ್ಗಿ, ಮುರುಕಲು ಕಾರುಗಳ ಸಾಲಿನ ಕೊನೆಯಲ್ಲೇ ನಮ್ಮ ಕಾರನ್ನು ನಿಲ್ಲಿಸಿದರು.

"ಚಿಕ್ಕಪ್ಪ, ಇಲ್ಲೇ ನಿಲ್ಲಿಸೋದಾ?"

"ಮರ ಬಚ್ಚಿಡೋಕೆ ಕಾಡಿಗಿಂತ ಒಳ್ಳೆ ಜಾಗ ಯಾವುದೇ?"

ಅದೃಷ್ಟಕ್ಕೆ ಅದೇ ಸಾಲಿನಲ್ಲಿ, ನಾಲ್ಕು ಕಾರು ಆಚೆ, ನಮ್ಮದೇ ಮಾದರಿಯ, ನಮ್ಮದೇ ನೀಲಿ ಬಣ್ಣದ ಒಂದು ಕಾರು ಸಿಕ್ಕಿತು. ಹಿಂಭಾಗ ಅಪ್ಪಚ್ಚಿ, ಮುಂಭಾಗ ಮಾತ್ರ ಫೋಟೋಕ್ಕೆ ನಿಂತ ಹಾಗೆ. ಎರಡು ಲೈಟೂ ಗಟ್ಟಿಮುಟ್ಟು. ಆದರೆ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಚಿಕ್ಕಪ್ಪ ಸ್ಪ್ಯಾನರಿಗೆ ಜೋತುಬಿದ್ದರೂ ಅಲುಗಲಿಲ್ಲ.

"ತುಕ್ಕಿನ ಎಣ್ಣೆ ಬೇಕು. ರಸ್ತೆ ಆಚೆ ಅಂಗಡಿಯಲ್ಲಿದೆ. ಆದ್ರೆ ನಾವು ಹೋದಾಗ ಯಾವನಾದ್ರೂ ಬಂದು ಇದನ್ನ ಬಿಚ್ಚಿದ್ರೆ?" ಚಿಕ್ಕಪ್ಪ ಆಚೀಚೆ ನೋಡಿದರು. ಕರವಸ್ತ್ರಕ್ಕೆ ಉಗುಳು ಹಚ್ಚಿ ಗಾಜಿನ ಮೇಲಿನ ಕತ್ತರಿ ಗುರುತನ್ನು ಉಜ್ಜಿ ಹಾಕಿಯೇ ಬಿಟ್ಟರು. "ಈಗ ಇದು ಮುಟ್ಟಬಾರದ ಕಾರು. ನಡಿ."

"ಗುಜರಿಯಕ್ಕನಿಗೆ ಗೊತ್ತಾದ್ರೆ?"

"ಇಷ್ಟೊಂದು ಕಾರಲ್ಲಿ ಅವಳೇನು ಎಣಿಸ್ತಾ ಕೂತಿರ್ತಾಳಾ?"

ಕೂತಿರುತ್ತಾಳೆ. ಅದು ನಮಗೆ ತಿಳಿದದ್ದು ಆಮೇಲೆ.

ಎಣ್ಣೆಯ ಅಂಗಡಿಯವನು ಊಟಕ್ಕೆ ಹೋಗಿದ್ದ. ಕಾದು, ಚೌಕಾಸಿ ಮಾಡಿ, ಅರ್ಧ ಖಾಲಿಯಾದ ಡಬ್ಬಿಯನ್ನು ಅರ್ಧ ಬೆಲೆಗೆ ಹೊಡೆದುಕೊಂಡು ಚಿಕ್ಕಪ್ಪ ವಿಜಯಿಯಾಗಿ ಬಂದಾಗ ಒಂದೂಕಾಲು. ಯಾರ್ಡಿನ ಸಾಲು ತಿರುಗುತ್ತಲೇ ಅವರ ಹೆಜ್ಜೆ ನಿಂತಿತು. ನಮ್ಮ ಕಾರಿನ ಬಾನೆಟ್ಟು ಮೇಲೆದ್ದಿತ್ತು. ಅದರೊಳಗೆ ತಲೆ ತೂರಿಸಿದ್ದ ವ್ಯಕ್ತಿಯೊಬ್ಬರ ಹಿಂಭಾಗ ಮಾತ್ರ ಕಾಣುತ್ತಿತ್ತು. ಪಕ್ಕದಲ್ಲಿ ನೆಲಕ್ಕೆ ಹಾಸಿದ ಟವೆಲಿನ ಮೇಲೆ, ಆಗಷ್ಟೇ ಸ್ನಾನ ಮುಗಿಸಿದ ಕೂಸಿನಂತೆ, ನಮ್ಮ ಬಲಗಡೆಯ ಹೆಡ್‌ಲೈಟು.

"ಏಯ್! ಹಗಲು ದರೋಡೆ! ಯಾರಪ್ಪನ ಕಾರು ಅಂತ ಬಿಚ್ತಿದ್ದೀರಿ?"

ತಲೆ ಹೊರಬಂತು. ಕೈಗೆ ಗ್ಲೌಸು, ಮೂಗಿನ ಮೇಲೆ ಗ್ರೀಸು. "ಗಲಾಟೆ ಯಾಕ್ರೀ? ಗುರುತಿದೆಯಲ್ಲ, ನೋಡಿ!"

ನಿಜ. ನಮ್ಮ ಕಾರಿನ ಗಾಜಿನ ಮೇಲೆ ಕೈಯಗಲದ ಕತ್ತರಿ ಗುರುತು ಬೆಳ್ಳಗೆ ನಗುತ್ತಿತ್ತು.

ಗಲಾಟೆ ಕೇಳಿ ಗುಜರಿಯಕ್ಕ ಬಂದಳು, ಕಿವಿಯ ಮೇಲೆ ಸೀಮೆಸುಣ್ಣದ ತುಂಡು. "ನಾನೇ ಹಾಕಿದ್ದು. ಈ ಸಾಲಲ್ಲಿ ಏಳು ಗುರುತು ಇರಬೇಕು. ಮಧ್ಯಾಹ್ನ ನೋಡ್ತೀನಿ, ಆರೇ ಇದೆ. ಕಾಣೆಯಾಗಿದ್ದು ನೀಲಿ ಕಾರಿಂದು ಅಂತ ನೆನಪಿತ್ತು. ಕೆಸರು ಮೆತ್ಕೊಂಡು, ಒಂದು ಕಣ್ಣು ಕಿತ್ಕೊಂಡು ಇದು ನಿಂತಿತ್ತು. ಇದೇ ಇರಬೇಕು ಅಂತ ಹಾಕ್ದೆ."

"ಇದು ನನ್ನ ಕಾರು!"

"ನಿಮ್ಮ ಕಾರು ನನ್ನ ಸಾಲಲ್ಲಿ ಏನು ಮಾಡ್ತಿತ್ತು?" ಅವಳ ಕಣ್ಣು ನಾಲ್ಕು ಕಾರು ಆಚೆಗೆ ಹೋಯಿತು, ಅಲ್ಲಿನ ಉಜ್ಜಿದ ಗಾಜಿಗೆ, ಅಲ್ಲಿಂದ ಚಿಕ್ಕಪ್ಪನ ಜೇಬಿನಿಂದ ಇಣುಕುತ್ತಿದ್ದ ಸುಣ್ಣ ಮೆತ್ತಿದ ಕರವಸ್ತ್ರಕ್ಕೆ. "ಓಹೋ. ನೀವು ಚಾಪೆ ಕೆಳಗೆ ತೂರೋರು ಅಂತ ಗೊತ್ತಿತ್ತು. ಇವತ್ತು ರಂಗೋಲಿನೇ ಅಳಿಸಿದ್ದೀರಲ್ಲ ಯಜಮಾನ್ರೇ!"

ಚಿಕ್ಕಪ್ಪ ಇಂಗು ತಿಂದ ಮಂಗನಂತೆ ನನ್ನತ್ತ ನೋಡಿದರು. ನಾನು ಆಕಾಶ ನೋಡಿದೆ.

ಸರಿಯಾಗಿ ಆಗಲೇ ಚಿಕ್ಕಮ್ಮ ಬಂದರು. ಮೊದಲು ಎರಡು ಕಣ್ಣೂ ಹೋದ ಕಾರನ್ನು ನೋಡಿದರು, ಆಮೇಲೆ ಗಂಡನನ್ನು. ಮುಖ ಕೆಂಪಾಯಿತು. ಹದಿನಾಲ್ಕು ವರ್ಷ ಕಟ್ಟಿದ ಸ್ಕೂಲು ಆ ಎರಡು ತೂತುಗಳೊಳಗೆ ಇಳಿದುಹೋಗುತ್ತಿರುವಂತೆ ನಿಂತರು. ಕೊನೆಗೆ ಅವರ ದೃಷ್ಟಿ ಗ್ಲೌಸು ಹಾಕಿದವರ ಮೇಲೆ ಬಿತ್ತು. ಅವರು ಗ್ರೀಸಿನ ಮೂಗನ್ನು ಬಾನೆಟ್ಟಿನೊಳಕ್ಕೆ ಮತ್ತೆ ತೂರಿಸಲು ನೋಡುತ್ತಿದ್ದರು.

"ಸಾಹೇಬರೇ? ತಪಾಸಣೆ ಸಾಹೇಬರೇ, ನೀವಾ!"

"ಅದು... ನಾನು ಮೂರರವರೆಗೆ ರಜಾ, ತಾಯಿ. ಇದೇ ಮಾದರಿಯ ನನ್ನ ಕಾರಿಂದೂ ಬಲಗಡೆ ಲೈಟು ಹೋಗಿದೆ. ಹೊಸದರ ರೇಟು ಕೇಳಿದ್ದೀರಾ?"

"ಮೂರು ಗಂಟೆಗೆ ನೀವು ನೋಡಬೇಕಾದ ಕಾರು ಇದೇ ಸಾಹೇಬರೇ. ಒಂದೂವರೆಗೇ ಬಿಚ್ಚಿಟ್ಟಿದ್ದೀರಿ!"

ಸಾಹೇಬರ ಕಿವಿ ಕೆಂಪಗಾಯಿತು. "ನಾನು ನಿಯಮ ಮೀರಿಲ್ಲ. ಮೊದಲು ಆಚೆ ಇರೋ ಆ ನೀಲಿ ಕಾರನ್ನೇ ನೋಡಿದ್ದೆ, ಲೈಟು ಚೆನ್ನಾಗಿತ್ತು. ಗುರುತಿರಲಿಲ್ಲ, ಮುಟ್ಟಲಿಲ್ಲ. ಮತ್ತೆ ಒಂದು ಮಾತು, ಇದಾಯ್ತು ಅಂತ ನಾನೇನೂ ಕಣ್ಣು ಮುಚ್ಚಿ ಪಾಸು ಮಾಡಲ್ಲ."

"ಮಾಡಬೇಡಿ. ಕಣ್ಣು ಬಿಟ್ಕೊಂಡೇ ನೋಡಿ. ಆದ್ರೆ ನೋಡೋಕೆ ನನ್ನ ಕಾರಿಗೂ ಕಣ್ಣು ಇರಬೇಕಲ್ಲ? ಹಾಕಿ ಕೊಡಿ."

ಗುಜರಿಯಕ್ಕ ಸೀಮೆಸುಣ್ಣ ತೆಗೆದು ಆ ಇನ್ನೊಂದು ನೀಲಿ ಕಾರಿಗೆ ಮತ್ತೆ ಕತ್ತರಿ ಎಳೆದಳು. "ಎಡಗಡೆದು ಅಮ್ಮನಿಗೆ, ಬಲಗಡೆದು ಸಾಹೇಬರಿಗೆ. ಒಂದು ಕಾರು ಇಬ್ಬರಿಗೂ ಸಾಕಿತ್ತು. ಯಾರೋ ಅಳಿಸಿದ್ದಕ್ಕೆ ಇಷ್ಟು ರಾಮಾಯಣ."

ಸಾಹೇಬರ ಕೈ ಮಾತ್ರ ಪಳಗಿದ್ದು. ಎಣ್ಣೆ ಬಿಟ್ಟು, ತಟ್ಟಿ, ತಿರುವಿ, ನಲವತ್ತು ನಿಮಿಷದಲ್ಲಿ ಎರಡನ್ನೂ ಕಳಚಿದರು. ನಮ್ಮ ಕಾರಿನ ಎರಡು ಲೈಟನ್ನೂ ತಾವೇ ಕೂರಿಸಿದರು. ಸ್ಕ್ರೂ ಹಿಡಿದು ನಿಂತ ಚಿಕ್ಕಮ್ಮ, "ಇನ್ನೂ ಒಂದು ಸುತ್ತು ಸಾಹೇಬರೇ, ಅಲ್ಲಾಡಿದ್ರೆ ನೀವೇ ಫೇಲು ಮಾಡ್ತೀರಿ," ಅನ್ನುತ್ತಿದ್ದರು. ಅವರು ಹಲ್ಲು ಕಚ್ಚಿ ಇನ್ನೂ ಒಂದು ಸುತ್ತು ತಿರುಗಿಸುತ್ತಿದ್ದರು.

ಚಿಕ್ಕಪ್ಪ ಕಾರು ಹತ್ತಲು ಬಂದರು. ಗುಜರಿಯಕ್ಕ ಅವರ ಅಂಗೈಗೆ ಸೀಮೆಸುಣ್ಣದ ಪೆಟ್ಟಿಗೆ ಇಟ್ಟಳು. "ನೀವೆಲ್ಲಿಗೆ? ಗುರುತು ಅಳಿಸಿದವರು ಇಡೀ ಯಾರ್ಡಿಗೆ ಹೊಸದಾಗಿ ಗುರುತು ಹಾಕಿ ಹೋಗಬೇಕು. ಗುರುತಿರೋ ಕಾರೇ ಇನ್ನೂರ ಹದಿನಾರು. ನಾನು ಎಣಿಸ್ತೀನಿ."

"ಏನೇ, ನೀನಾದ್ರೂ ಹೇಳೇ," ಅಂದರು ಚಿಕ್ಕಪ್ಪ ಹೆಂಡತಿಗೆ.

"ಗುರುತು ದಪ್ಪಗೆ ಹಾಕ್ರೀ, ಉಗುಳಿಗೆ ಹೋಗಬಾರದು," ಅಂದು ಚಿಕ್ಕಮ್ಮ ಗಾಡಿ ಹೊರಡಿಸಿದರು.

ಸಾಹೇಬರು ಬಸ್ಸಿನಲ್ಲಿ ಬಂದಿದ್ದರಿಂದ ನಮ್ಮ ಜೊತೆಯಲ್ಲೇ ಆಫೀಸಿಗೆ ಹೊರಟರು, ತಮ್ಮ ಲೈಟನ್ನು ತೊಡೆಯ ಮೇಲೆ ಮಲಗಿಸಿಕೊಂಡು. ಅವರು ಕೂತದ್ದು ಚಿಕ್ಕಮ್ಮನ ಪಕ್ಕದಲ್ಲಿ, ಕಲಿಸುವವರ ಸೀಟಿನಲ್ಲಿ. ಅಲ್ಲಿ ಇನ್ನೊಂದು ಬ್ರೇಕಿದೆ. ಪ್ರತಿ ತಿರುವಿಗೂ ಅವರ ಕಾಲು ತಾನಾಗಿ ಅದನ್ನು ತುಳಿಯುತ್ತಿತ್ತು, ಕಾರು ಮುಗ್ಗರಿಸುತ್ತಿತ್ತು, ಹಿಂದೆ ಕೂತ ನನ್ನ ಹಣೆ ಮುಂದಿನ ಸೀಟಿಗೆ ಬಡಿಯುತ್ತಿತ್ತು.

"ಸಾಹೇಬರೇ, ತಪಾಸಣೆ ಮೂರಕ್ಕೆ. ಈಗ ಕಾಲು ತೆಗೀರಿ."

"ಅಭ್ಯಾಸ ತಾಯಿ, ಅಭ್ಯಾಸ."

ಆಫೀಸಿನಲ್ಲಿ ಅವರು ಮೂಗು ತೊಳೆದು, ಸಮವಸ್ತ್ರ ತೊಟ್ಟು, ನಮ್ಮನ್ನು ಎಂದೂ ಕಂಡೇ ಇಲ್ಲದವರಂತೆ ಬಂದರು. ಟೈರು ಒದ್ದರು, ಹಾರ್ನು ಹೊಡೆದರು, ಲೈಟುಗಳ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದರು. "ಫಿಟ್ಟಿಂಗ್ ಬಹಳ ಅಚ್ಚುಕಟ್ಟಾಗಿದೆ," ಅಂದರು ಗಂಭೀರವಾಗಿ. ಚಿಕ್ಕಮ್ಮ ಅಷ್ಟೇ ಗಂಭೀರವಾಗಿ, "ಒಳ್ಳೆ ಮೆಕ್ಯಾನಿಕ್ ಸಿಕ್ಕಿದ್ರು," ಅಂದರು. ಕಾರು ಪಾಸಾಯಿತು. ಪಾಸಿನ ಕಾಗದದ ಕೆಳಗೊಂದು ಸಾಲು ಬರೆದಿದ್ದರು: ವೈಪರಿನ ರಬ್ಬರು ಸವೆದಿದೆ, ವಾರದೊಳಗೆ ಬದಲಿಸುವುದು.

ಆ ಕಾಗದವನ್ನು ಚಿಕ್ಕಮ್ಮ ಎರಡು ಸಲ ಓದಿ, ಸ್ಟೇರಿಂಗಿಗೆ ಹಣೆ ಆನಿಸಿ ಒಂದು ದೊಡ್ಡ ಉಸಿರು ಬಿಟ್ಟರು. ಆಮೇಲೆ ಗಂಡನಿಗೆ ಫೋನು ಹಚ್ಚಿ ಸುದ್ದಿ ಹೇಳಿದರು.

"ರಬ್ಬರಾ?" ಆ ಕಡೆಯ ದನಿ ಚಿಗುರಿದ್ದು ನನಗೂ ಕೇಳಿಸಿತು. "ಹೊಸದು ಗಿಸದು ತಗೊಂಡೀಯ! ತೊಂಬತ್ತನೇ ಕಾರಿನಲ್ಲಿದ್ದೀನಿ ನಾನೀಗ, ಅದರದ್ದು ಹೇಗಿದೆ ಗೊತ್ತಾ..."

ಚಿಕ್ಕಮ್ಮ ಫೋನು ಇಟ್ಟರು. ಅದು ಮತ್ತೆ ಹೊಡೆದುಕೊಳ್ಳತೊಡಗಿತು. ಎತ್ತಲಿಲ್ಲ.

"ಗಾಡಿ ಓಡಿಸುವಾಗ ಫೋನ್ ಎತ್ತಬಾರದು ಕಣೇ," ಅಂದರು ನನಗೆ, ಪಾಠ ಹೇಳುವ ದನಿಯಲ್ಲಿ.

ಕಾರು ಇನ್ನೂ ನಿಂತೇ ಇತ್ತು.